ಇಲ್ಲಾಂದ್ರೆ ಅಕ್ಕನ ಎರಡು ಪದ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಎದುರು ಕಟ್ಟಡದ ಮೆಟ್ಟಿಲ ದೀಪ ಆರಿಲ್ಲ. ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡ ಕಿರಿದಾದ ಮೇಜಿನ ಮುಂದೆ ಅಕ್ಕ ಕೂತಿದ್ದಾರೆ. ಬಲಗೈ ಮಣಿಕಟ್ಟಿಗೆ ನೋವಿಗೆಂದು ಕಟ್ಟಿದ ಪಟ್ಟಿ, ಭುಜದ ಮೇಲೆ ಗಂಡನ ಹಳೆಯ ಸ್ವೆಟರ್. ಬಸ್ಸು ಓಡಿಸುವ ಗಂಡ ಆಗಲೇ ಡಿಪೋಗೆ ಹೋಗಿಯಾಗಿದೆ. ಒಲೆಯ ಮೇಲೆ ಹಾಲಿದೆ. ಹಾಲು ಕಾಯುವಷ್ಟರಲ್ಲಿ ಒಮ್ಮೆ ನೋಡಿಬಿಡೋಣವೆಂದು ಅಕ್ಕ ಲ್ಯಾಪ್‌ಟಾಪಿನ ಮುಚ್ಚಳ ತೆರೆಯುತ್ತಾರೆ.

ಪರದೆ ಕೆಂಪಗಿದೆ.

ಅಲ್ಲೊಂದು ಇಲ್ಲೊಂದು ಕೆಂಪು ಗೆರೆ ಇದ್ದರೆ ಅವರು ಹೆದರುವವರಲ್ಲ. ಬೆರಳಿನಿಂದ ಕೆಳಗೆ ಸರಿಸುತ್ತಾರೆ, ಕೆಂಪು. ಇನ್ನೂ ಕೆಳಗೆ ಸರಿಸುತ್ತಾರೆ, ಅಲ್ಲೂ ಕೆಂಪು. ಸರಿಸಿ ಸರಿಸಿ ಬೆರಳು ಸೋಲುತ್ತದೆಯೇ ಹೊರತು ಕೆಂಪು ಮುಗಿಯುವುದಿಲ್ಲ. ಕೊನೆಗೆ ತಳದಲ್ಲಿರುವ ಒಟ್ಟು ಲೆಕ್ಕಕ್ಕೆ ಕಣ್ಣು ಬಿದ್ದಾಗ ಎಡಗೈ ತಾನಾಗಿಯೇ ಬಾಯಿಗೆ ಹೋಗುತ್ತದೆ.

"ಹಾಲು ಉಕ್ತು ಕಣೇ! ಮೂಗು ಎಲ್ಲಿ ಅಡ ಇಟ್ಟಿದೀಯ?" ಒಳಕೋಣೆಯಿಂದ ಅತ್ತೆ ಊರುಗೋಲು ಕುಟ್ಟುತ್ತ ಬರುತ್ತಾರೆ.

"ಅತ್ತೆ, ಹನ್ನೊಂದು ಸಾವಿರ."

"ಏನು ಹನ್ನೊಂದು ಸಾವಿರ? ಲಾಟರಿ ಹೊಡೀತಾ?"

"ತಪ್ಪು ಅತ್ತೆ. ಹನ್ನೊಂದು ಸಾವಿರ ತಪ್ಪು. ನಿನ್ನೆ ತನಕ ಒಂದೂ ಇರ್ಲಿಲ್ಲ. ನಾನು ಎರಡು ಪದ ಸೇರಿಸ್ದೆ, ಅಷ್ಟೆ."

ಅತ್ತೆ ಒಲೆ ಆರಿಸಿ, ಸೊಸೆಯ ಮುಖವನ್ನೂ ಪರದೆಯನ್ನೂ ಒಂದೊಂದು ಸಲ ನೋಡಿ, ತೀರ್ಪು ಕೊಡುತ್ತಾರೆ. "ಹಾಗಾದ್ರೆ ಆ ಎರಡು ಪದ ತೆಗೆದು ಹಾಕು. ಅದಕ್ಕೆ ಮೊದಲು ಒಲೆ ಒರೆಸು."

ತೆಗೆದು ಹಾಕಬೇಕೋ ಬಿಡಬೇಕೋ ಎಂಬುದೇ ಆ ವಾರವಿಡೀ ಅಕ್ಕನ ನಿದ್ದೆ ಕೆಡಿಸಿದ ಪ್ರಶ್ನೆ.

ಅಕ್ಕ ಮಾಡುವ ಕೆಲಸ ಹೊರಗಿನವರಿಗೆ ಹೇಳುವುದು ಕಷ್ಟ. ನೆಂಟರ ಬಾಯಲ್ಲಿ ಅದು "ಮನೆಯಲ್ಲೇ ಕೂತು ಏನೋ ಕಂಪ್ಯೂಟರ್." ಗಂಡ ಅದನ್ನು "ಕಾಗುಣಿತ ತಿದ್ದೋದು" ಎನ್ನುತ್ತಾರೆ, ಇದು ಸ್ವಲ್ಪ ಹತ್ತಿರ. ಮೊಬೈಲಿನ ಆಟದಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಎಲ್ಲದರ ಹಿಂದೆಯೂ ಒಂದು ಪ್ರೋಗ್ರಾಂ ಇರುತ್ತದೆ. ಅದನ್ನು ಬರೆಯಲು ಒಂದು ಭಾಷೆ ಬೇಕು. ಬರೆದದ್ದನ್ನು ಓದಿ, ತಪ್ಪಿದ್ದರೆ ಕೆಂಪು ಗೆರೆ ಎಳೆದು, ಸರಿಯಿದ್ದರೆ ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಪಹರೆಯವನು ಕಂಪೈಲರ್. ಅಂಥ ಒಂದು ಭಾಷೆಯ ಕಂಪೈಲರನ್ನು ನೋಡಿಕೊಳ್ಳುವ ತಂಡದಲ್ಲಿ ಅಕ್ಕ ಇದ್ದಾರೆ. ತಂಡದವರು ಹತ್ತಾರು ಊರುಗಳಲ್ಲಿ ಚದುರಿದ್ದಾರೆ. ಒಬ್ಬರ ಮುಖ ಒಬ್ಬರು ನೋಡುವುದು ಪರದೆಯ ಮೇಲೆಯೇ.

ಪ್ರತಿ ಭಾಷೆಯೂ ಕೆಲವು ಉಪಕರಣಗಳನ್ನು ತಾನೇ ಕೊಡುತ್ತದೆ. ಪಟ್ಟಿಯನ್ನು ಜೋಡಿಸುವುದು, ಪದಗಳನ್ನು ಕತ್ತರಿಸುವುದು, ಬೇಕಾದ್ದನ್ನು ಹುಡುಕುವುದು. ಪ್ರತಿ ಉಪಕರಣಕ್ಕೂ ಒಂದು ಸಾಲಿನ ಘೋಷಣೆ ಇರುತ್ತದೆ: ಇದಕ್ಕೆ ಇಂಥದ್ದು ಕೊಡಿ, ಇದು ನಿಮಗೆ ಇಂಥದ್ದು ಕೊಡುತ್ತದೆ. ಕಂಪೈಲರ್ ಬೇರೆ ಎಲ್ಲರ ಬರಹವನ್ನೂ ಅನುಮಾನದಿಂದ ನೋಡುತ್ತದೆ, ಈ ಘೋಷಣೆಗಳನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತದೆ. ಸ್ವಂತ ಮನೆಯವರ ಮಾತಲ್ಲವೇ! ಆ ಘೋಷಣೆಯಲ್ಲೇ ಸುಳ್ಳಿದ್ದರೆ ಅದನ್ನು ನಂಬಿದ ಕಂಪೈಲರೂ, ಕಂಪೈಲರನ್ನು ನಂಬಿದ ಲಕ್ಷಾಂತರ ಜನರೂ ಒಟ್ಟಿಗೇ ಹಳ್ಳಕ್ಕೆ ಬೀಳುತ್ತಾರೆ. ಹಾಗೆ ಬೀಳದಂತೆ ಘೋಷಣೆಗಳನ್ನು ತಿದ್ದುವುದು ಅಕ್ಕನ ಕೆಲಸ.

"ಗೊತ್ತಾಯ್ತು ಬಿಡು," ಎಂದಿದ್ದರಂತೆ ಅತ್ತೆ ಹಿಂದೊಮ್ಮೆ. "ಉಪ್ಪಿನ ಡಬ್ಬಿ ಮೇಲೆ ಸಕ್ಕರೆ ಅಂತ ಬರೆದಿದ್ರೆ ಅದನ್ನ ತಿದ್ದೋದು."

"ಅದಾದ್ರೆ ಸುಲಭ ಅತ್ತೆ, ನಾಲಿಗೆಗೆ ಗೊತ್ತಾಗುತ್ತೆ. ಖಾಲಿ ಡಬ್ಬಿ ಮೇಲೆ ಸಕ್ಕರೆ ಅಂತ ಬರೆದಿರೋದೇ ಕಷ್ಟ. ಯಾರೋ ಒಬ್ಬರು ಕೈ ಹಾಕೋ ತನಕ ಯಾರಿಗೂ ಗೊತ್ತಾಗಲ್ಲ."

ಚೀಟಿ ಓದುವ ಈ ಕೆಲಸ ಅಕ್ಕನಿಗೆ ಕಂಪ್ಯೂಟರಿನಿಂದ ಬಂದದ್ದಲ್ಲ. ಸಂಜೆ ಕಾಲೇಜಿನಲ್ಲಿ ಓದುವಾಗ ಹಗಲು ಅವರು ಔಷಧ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಡಬ್ಬಿಗಳನ್ನು ಸಾಗಿಸುವ ಯಂತ್ರದ ಪಟ್ಟಿಯ ಪಕ್ಕ ನಿಂತು, ಡಬ್ಬಿಯ ಮೇಲಿನ ಹೆಸರೂ ಒಳಗಿನ ಮಾತ್ರೆಯೂ ಮಡಚಿಟ್ಟ ಕಾಗದವೂ ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡುವುದು. ಕಾಲು ಊದಿಕೊಳ್ಳುತ್ತಿತ್ತು, ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಆಮೇಲೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು. ಎರಡನೆಯ ಮಗು ಹುಟ್ಟಿದ ವರ್ಷವೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಕೆಲಸ ಬಿಡಬೇಕಾಯಿತು.

"ಒಂದು ಕೈಲಿ ಮಗು, ಇನ್ನೊಂದು ಕೈಲಿ ಅತ್ತೆ. ಮಧ್ಯೆ ಸಿಕ್ಕ ಹೊತ್ತಲ್ಲಿ ಏನಾದ್ರೂ ಓದ್ಬೇಕು ಅನ್ಸೋದು. ಕಥೆ ಪುಸ್ತಕ ಹಿಡಿದ್ರೆ ನಿದ್ದೆ ಬರೋದು. ಈ ಘೋಷಣೆಗಳ ಕಡತ ಎಲ್ಲರಿಗೂ ತೆರೆದಿರುತ್ತೆ, ಅದನ್ನ ಓದ್ತಾ ಕೂತೆ. ಅದ್ರಲ್ಲಿ ನಿದ್ದೆ ಹಾರಿಹೋಗೋದು!" ಎಂದು ನಗುತ್ತಾರೆ. ಮೊದಲು ಕಳಿಸಿದ್ದು ಒಂದು ಅಲ್ಪವಿರಾಮದ ತಿದ್ದುಪಡಿ. ನಂತರ ಇನ್ನೊಂದು, ಮತ್ತೊಂದು. ಹೀಗೆ ಕಳಿಸುತ್ತ ಕಳಿಸುತ್ತ ತಂಡದ ಖಾಯಂ ಸದಸ್ಯೆಯಾದರು. ಯಾವ ಘೋಷಣೆ ಮುಂದಿಟ್ಟರೂ "ಇಲ್ಲಾಂದ್ರೆ?" ಎಂದು ಕೇಳುವುದು ಅವರ ಅಭ್ಯಾಸ. ಇದು ಸಂಖ್ಯೆ ಕೊಡುತ್ತೆ ಅಂದರೆ, ಇಲ್ಲಾಂದ್ರೆ? ಕಡತ ತೆರೆಯುತ್ತೆ ಅಂದರೆ, ಇಲ್ಲಾಂದ್ರೆ? ತಂಡದ ಹುಡುಗರು ಬೇಸತ್ತು ಇಟ್ಟ ಹೆಸರು 'ಇಲ್ಲಾಂದ್ರೆ ಅಕ್ಕ'. ಈಗ ಮೂಲ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ.

ದಿನಕ್ಕೆ ಮೂವತ್ತು ನಲವತ್ತು ಪತ್ರ ಬರುತ್ತವೆ. ಬಹುಪಾಲು ಬೈಗುಳ. ಘೋಷಣೆ ಸರಿಯಿದ್ದಷ್ಟು ದಿನ ಅದನ್ನು ಬರೆದವರು ಇದ್ದಾರೆ ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ. ತಿದ್ದಿದ ದಿನ ಎಲ್ಲರಿಗೂ ಗೊತ್ತಾಗುತ್ತದೆ. "ಒಬ್ಬರು 'ನಿಮಗೆ ಮಕ್ಕಳಿಲ್ವಾ?' ಅಂತ ಬರೆದಿದ್ರು. ಇಬ್ಬರಿದ್ದಾರೆ, ಬೇಕಾದ್ರೆ ಕಳಿಸಿಕೊಡ್ತೀನಿ ಅಂತ ಬರೆಯೋಣ ಅನ್ಸಿತ್ತು." ದಿನವಿಡೀ ಕೂತು ಒಂದೇ ಒಂದು ಸಾಲು ಬದಲಾಯಿಸಿದರೆ ಅದು ಒಳ್ಳೆಯ ದಿನ.

ಆ ಎರಡು ಪದಗಳ ಕಥೆ ಶುರುವಾದದ್ದು ಮಾತ್ರ ಅತ್ತೆಯ ಕನ್ನಡಕದಿಂದ.

ಅತ್ತೆ ಮಂಚದ ಮೇಲೆ ಕೂತು ಹೇಳಿದ್ದರು: "ನನ್ನ ಕನ್ನಡಕ ಹುಡುಕು. ಎರಡಿದೆ, ಹಳೇದೋ ಹೊಸದೋ, ಸಿಕ್ಕಿದ್ದನ್ನ ಕೊಡು." ಅಕ್ಕ ಮನೆಯೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದು ನಿಂತರು.

"ಎಲ್ಲಿ?"

"ಸಿಗ್ಲಿಲ್ಲ ಅತ್ತೆ."

"ಸಿಕ್ಕಿದ್ದನ್ನ ಕೊಡು ಅಂದೆನಲ್ಲೇ!"

"ಏನೂ ಸಿಗ್ಲಿಲ್ಲ ಅಂದ್ರೆ ಏನು ಕೊಡ್ಲಿ?" ಎಂದ ಅಕ್ಕ, ಅಂದ ಮಾತು ಕಿವಿಗೆ ಬಿದ್ದದ್ದೇ ನಿಂತಲ್ಲೇ ಕಲ್ಲಾದರು. ಪಟ್ಟಿಯೊಳಗೆ ಹುಡುಕುವ ಉಪಕರಣದ ಬಗ್ಗೆ ಭಾಷೆಯ ಕೈಪಿಡಿ ಹೇಳುವ ಮಾತನ್ನು ನಮ್ಮ ಮಾತಿಗೆ ತಂದರೆ ಅಕ್ಷರಶಃ ಅದೇ: 'ಸಿಕ್ಕಿದ್ದನ್ನು ಕೊಡುತ್ತದೆ.' ಬಹಳ ಹಿಂದೆ ಯಾರೋ ಅದನ್ನು ಓದಿ, 'ಕೊಡುತ್ತದೆ' ಎಂದಿದೆಯಲ್ಲ, ಹಾಗಾದರೆ ಯಾವಾಗಲೂ ಕೊಡುತ್ತದೆ ಎಂದು ಘೋಷಣೆ ಬರೆದುಬಿಟ್ಟಿದ್ದರು. ಸಿಗದೇ ಹೋದಾಗ ಉಪಕರಣ ಬರಿಗೈ ತೋರಿಸುತ್ತದೆ. ಅದು ಘೋಷಣೆಯಲ್ಲಿ ಇರಲಿಲ್ಲ.

ಅಕ್ಕನಿಗೆ ಆದ ಆಘಾತ ಬೇರೆಯವರ ತಪ್ಪಿಗಲ್ಲ. "ಆ ಸಾಲು ನಾನು ವರ್ಷಗಟ್ಟಲೆ ಓದಿದೀನಿ. ಎಲ್ಲದಕ್ಕೂ ಇಲ್ಲಾಂದ್ರೆ ಅಂತ ಕೇಳೋಳು ಅದೊಂದಕ್ಕೆ ಕೇಳ್ಲೇ ಇಲ್ಲ. ದಿನಾ ಬಳಸೋ ವಸ್ತು ಅಲ್ವಾ, ಕಣ್ಣು ಹಾಗೇ ಜಾರಿ ಹೋಗ್ತಿತ್ತು." ಅಂದೇ ಘೋಷಣೆಯ ಕೊನೆಗೆ ಎರಡು ಪದ ಸೇರಿಸಿದರು. ನಮ್ಮ ಮಾತಿನಲ್ಲಿ ಅದು 'ಅಥವಾ ಇಲ್ಲ'. ಕನ್ನಡಕ ಅತ್ತೆಯ ದಿಂಬಿನ ಕೆಳಗೇ ಇತ್ತು ಎಂಬುದು ಸಂಜೆ ಗೊತ್ತಾಯಿತು.

ಇಂಥ ತಿದ್ದುಪಡಿಯನ್ನು ತಂಡ ಮೊದಲು ಪರೀಕ್ಷೆಗೆ ಬಿಡುತ್ತದೆ. ಎಲ್ಲರಿಗೂ ತೆರೆದಿಟ್ಟ ನೂರಾರು ಪ್ರೋಗ್ರಾಂಗಳನ್ನು ಹೊಸ ಕಂಪೈಲರಿಗೆ ಓದಿಸುವುದು. ಹುಡುಕಿ, ಸಿಕ್ಕೇ ಸಿಗುತ್ತದೆ ಎಂದು ನಂಬಿ ಮುಂದೆ ಹೋದ ಪ್ರತಿಯೊಂದು ಜಾಗಕ್ಕೂ ಕಂಪೈಲರ್ ಗೆರೆ ಎಳೆಯಿತು. ಬೆಳಗಿನ ಜಾವ ಅಕ್ಕ ಕಂಡ ಕೆಂಪು ಅದೇ.

ಒಲೆ ಒರೆಸಿ ಮುಗಿಯುವ ಮೊದಲೇ ಫೋನು ಬಂತು. ಅಕ್ಕನ ಒಡಹುಟ್ಟಿದ ತಮ್ಮ. ಅವನಿರುವ ಕಂಪನಿ ಆಂಬುಲೆನ್ಸ್ ಕರೆ ಕೇಂದ್ರವೊಂದಕ್ಕೆ ಪ್ರೋಗ್ರಾಂ ಮಾಡಿಕೊಟ್ಟಿದೆ. ಹೊಸ ಆವೃತ್ತಿಯನ್ನು ಅದೇ ವಾರ ಒಪ್ಪಿಸಬೇಕಿತ್ತು. ಕಂಪೈಲರಿನ ಪರೀಕ್ಷಾ ಆವೃತ್ತಿ ಬಂದ ಕೂಡಲೇ ಹಾಕಿ ನೋಡುವ ಚಾಳಿ ಅವನದು.

"ಅಕ್ಕಾ, ಏನ್ ಮಾಡಿಬಿಟ್ಟೆ? ಚಿಕ್ಕಂದಿನಿಂದ ನನ್ನ ತಪ್ಪು ಹುಡುಕಿದ್ದು ಸಾಲ್ದು ಅಂತ ಈಗ ಕಂಪೈಲರ್ ಕೈಲಿ ಹೇಳಿಸ್ತಿದೀಯಾ?"

"ಎಲ್ಲಿ ಗೆರೆ ಬಂದಿದೆ ಓದೋ."

"'ಖಾಲಿ ಇರೋ ವಾಹನ ಹುಡುಕು, ಅದರ ನಂಬರ್ ತೋರಿಸು.' ಇದ್ರಲ್ಲಿ ಏನಕ್ಕಾ ತಪ್ಪು?"

"ಖಾಲಿ ವಾಹನ ಇಲ್ಲಾಂದ್ರೆ?"

"ಶುರು ಮಾಡಿದ್ಯಾ! ಆಂಬುಲೆನ್ಸ್ ಕೇಂದ್ರ ಕಣೇ ಅದು. ಒಂದಾದ್ರೂ ಇದ್ದೇ ಇರುತ್ತೆ. ಅದೇ ಅವರ ಕೆಲಸ."

"ಇದ್ದೇ ಇರುತ್ತೆ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಇಷ್ಟು ವರ್ಷ ಓಡಿದೆಯಲ್ಲ, ಅದೇ ಹೇಳ್ತಿದೆ." ದನಿ ತಗ್ಗಿಸಿ, "ನಮ್ಮ ಸಾಹೇಬ್ರು ಕೆಂಡ ಆಗಿದಾರೆ. ನಿಮ್ಮ ತಂಡಕ್ಕೆ ಬರೀತಾರಂತೆ. ಮೊದಲೇ ಹೇಳ್ತಿದೀನಿ, ಆಮೇಲೆ ತಮ್ಮ ತಿಳಿಸ್ಲಿಲ್ಲ ಅನ್ಬೇಡ," ಎಂದು ಫೋನಿಟ್ಟ.

ಸಾಹೇಬರು ಬರೆದೇ ಬರೆದರು. ಅವರೊಬ್ಬರೇ ಅಲ್ಲ, ಅವರ ಹಿಂದೆ ಇನ್ನೂ ಅನೇಕರು. ನಿನ್ನೆವರೆಗೆ ಸರಿಯಿದ್ದದ್ದು ಇವತ್ತು ಹೇಗೆ ತಪ್ಪಾಯಿತು? ಎರಡು ಪದ ಹಿಂದೆ ತೆಗೆದುಕೊಳ್ಳಿ, ಇಲ್ಲವೇ ನಾವು ಈ ಭಾಷೆಯನ್ನೇ ಬಿಡುತ್ತೇವೆ. ತಂಡದ ಮುಖ್ಯಸ್ಥರನ್ನು ಎಲ್ಲರೂ ಕರೆಯುವುದು ಮೇಷ್ಟ್ರು ಎಂದು. ಅವರು ಅಕ್ಕನಿಗೆ ಫೋನು ಮಾಡಿದರು. "ನೀವು ಹೇಳೋದು ಸರಿ ಅಂತ ನನಗೂ ಗೊತ್ತಮ್ಮ. ಆದ್ರೆ ಸರಿ ಅನ್ನೋದಕ್ಕೋಸ್ಕರ ಹನ್ನೊಂದು ಸಾವಿರ ಕಡೆ ಜನರ ಕೈ ಹಿಡಿದು ನಿಲ್ಲಿಸೋದು ಸಣ್ಣ ಮಾತಲ್ಲ. ಶುಕ್ರವಾರ ಎಲ್ಲರೂ ಸೇರಿ ಮಾತಾಡೋಣ. ಅವತ್ತು ತೀರ್ಮಾನ. ಇರುತ್ತೆ, ಇಲ್ಲ ಹೋಗುತ್ತೆ."

ಮೇಷ್ಟ್ರು ಕೆಟ್ಟವರಲ್ಲ. ಭಾಷೆಯನ್ನು ಬಳಸುವವರೇ ಬಿಟ್ಟು ಹೋದರೆ ಘೋಷಣೆ ಸರಿಯಿದ್ದು ಏನು ಬಂತು? ಅಕ್ಕನಿಗೂ ಅದು ಗೊತ್ತು. "ನಾನು ಜಗಳ ಆಡೋಳಲ್ಲ. ತೆಗೀರಿ ಅಂದ್ರೆ ತೆಗೆದುಬಿಡೋಣ ಅಂತ ಅರ್ಧ ಮನಸ್ಸು ಮಾಡಿದ್ದೆ," ಎನ್ನುತ್ತಾರೆ.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಅಕ್ಕ ಪರದೆಯ ಮುಂದೆ ಕೂರುತ್ತಾರೆ. ಚೌಕ ಚೌಕಗಳಲ್ಲಿ ಮುಖಗಳು ಮೂಡುತ್ತವೆ. ಮೇಷ್ಟ್ರು, ಸಾಹೇಬರು, ಸಾಹೇಬರ ಹೆಗಲ ಹಿಂದೆ ತಲೆ ತಗ್ಗಿಸಿದ ತಮ್ಮ. ಇನ್ನೊಂದು ಚೌಕದಲ್ಲಿ ನಡುವಯಸ್ಸಿನ ಹೆಂಗಸು, ಕೊರಳಲ್ಲಿ ಹೆಡ್‌ಫೋನ್ ಜೋತುಬಿದ್ದಿದೆ. ಆಂಬುಲೆನ್ಸ್ ಕೇಂದ್ರದ ಮೇಲ್ವಿಚಾರಕಿ. ಸಾಹೇಬರೇ ಸಾಕ್ಷಿಗೆಂದು ಕರೆಸಿದ್ದಾರೆ.

"ನೋಡಿ ಮೇಡಂ," ಸಾಹೇಬರು ಅಕ್ಕನ ಕಡೆ ತಿರುಗುತ್ತಾರೆ, "ನಾವು ಪುಸ್ತಕದ ಮಾತಾಡೋದು ಬೇಡ. ದಿನಾ ಬಳಸೋರನ್ನೇ ಕೇಳೋಣ." ಆಮೇಲೆ ಮೇಲ್ವಿಚಾರಕಿಗೆ, "ಹೇಳಿ, ನಮ್ಮ ಪ್ರೋಗ್ರಾಂ ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಕೈ ಕೊಟ್ಟಿದೆಯಾ?"

"ಇಲ್ಲ ಸಾರ್. ಸುಳ್ಳು ಯಾಕೆ ಹೇಳ್ಲಿ, ತುಂಬಾ ಚೆನ್ನಾಗಿದೆ. ಮಳೆ ಒಂದು ಬಿಟ್ರೆ ಯಾವತ್ತೂ ಕೈ ಕೊಟ್ಟಿಲ್ಲ."

ಸಾಹೇಬರು ಕೈ ಚಾಚುತ್ತಾರೆ, ಕೇಳಿದಿರಲ್ಲ ಎಂಬಂತೆ. ಮೇಷ್ಟ್ರು ತಲೆಯಾಡಿಸುತ್ತಾರೆ. ಮಾತು ಅಲ್ಲಿಗೇ ಮುಗಿಯುವುದರಲ್ಲಿದೆ.

"ಮಳೆ ಅಂದ್ರೆ?" ಅಕ್ಕನ ದನಿ ಅವರಿಗೇ ಕೇಳಿಸದಷ್ಟು ಸಣ್ಣದು.

"ಜೋರು ಮಳೆ ಬಂದಾಗ ಪರದೆ ಬೆಳ್ಳಗಾಗಿಬಿಡುತ್ತೆ ಮೇಡಂ. ತಂತಿಗೆ ನೀರು ಇಳಿಯುತ್ತೆ ಅನ್ಸುತ್ತೆ. ತಂತಿಯವನು ಬಂದು ಎಲ್ಲಾ ಬದಲಾಯಿಸಿ ಹೋದ. ಹೊರಗಡೆ ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿದ್ವಿ. ಆದ್ರೂ ಆಗುತ್ತೆ. ಆರಿಸಿ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಬರುತ್ತೆ. ಅದು ಪ್ರೋಗ್ರಾಂ ತಪ್ಪಲ್ಲ ಬಿಡಿ, ಮಳೆ ತಪ್ಪು."

"ಮಳೆ ಬಂದಾಗ ನಿಮ್ಮ ವಾಹನಗಳು ಎಲ್ಲಿರ್ತವೆ?"

"ಎಲ್ಲಿರ್ತವೆ ಅಂದ್ರೆ? ರಸ್ತೇಲಿ. ಮಳೆ ದಿನ ಗಾಡಿ ಜಾರೋದು, ಬೀಳೋದು ಎಲ್ಲಾ ಜಾಸ್ತಿ ಅಲ್ವಾ. ಒಂದೂ ಮನೇಲಿ ನಿಲ್ಲಲ್ಲ."

ಅಕ್ಕ ತಮ್ಮನ ಚೌಕವನ್ನೇ ನೋಡುತ್ತಿದ್ದಾರೆ. ಅವನ ತಲೆ ನಿಧಾನವಾಗಿ ಮೇಲೇಳುತ್ತದೆ.

"ಒಂದೂ?" ಎನ್ನುತ್ತಾನೆ ಅವನು.

"ಒಂದೂ ಇರಲ್ಲ ಸಾರ್. ಜೋರು ಮಳೇಲಿ ಎಲ್ಲವೂ ಹೊರಗೇ."

ಖಾಲಿ ಇರುವ ವಾಹನ ಹುಡುಕು, ಅದರ ನಂಬರು ತೋರಿಸು. ಖಾಲಿ ವಾಹನವೇ ಇಲ್ಲದಾಗ ಹುಡುಕಲು ಹೋದದ್ದು ಬರಿಗೈಯಲ್ಲಿ ಬಂದಿದೆ. ಪ್ರೋಗ್ರಾಂ ಆ ಬರಿಗೈಯ ನಂಬರು ಕೇಳಿದೆ, ಕೇಳಿ ಅಲ್ಲೇ ಕುಸಿದಿದೆ. ಆರಿಸಿ ಹಾಕುವಷ್ಟರಲ್ಲಿ ಯಾವುದೋ ಒಂದು ವಾಹನ ರೋಗಿಯನ್ನು ಇಳಿಸಿ ಖಾಲಿಯಾಗಿದೆ, ಪರದೆಗೆ ಜೀವ ಬಂದಿದೆ. ಮಳೆ ನಿಂತಿತು, ತಂತಿ ಒಣಗಿತು, ಸರಿಹೋಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟಿದ್ದಾರೆ. ಆಂಬುಲೆನ್ಸುಗಳ ಅಗತ್ಯ ತೀರಾ ಹೆಚ್ಚಿದ ಗಳಿಗೆಯಲ್ಲೇ, ಪ್ರತಿ ಸಲವೂ, ಆ ಪರದೆ ಕುರುಡಾಗಿದೆ.

ತಮ್ಮ ಅದನ್ನು ಬಿಡಿಸಿ ಹೇಳುತ್ತಾನೆ. ಹೇಳುವಾಗ ನಡುವೆ ಎರಡು ಸಲ ನೀರು ಕುಡಿಯುತ್ತಾನೆ. ಸಾಹೇಬರ ಚಾಚಿದ ಕೈ ಯಾವಾಗಲೋ ಮಡಿಲಿಗೆ ಬಿದ್ದಿದೆ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜುತ್ತ ಕೂತಿದ್ದಾರೆ.

ಮೇಲ್ವಿಚಾರಕಿ ಮಾತ್ರ ಇನ್ನೂ ತಿಳಿದೂ ತಿಳಿಯದಂತೆ ಎಲ್ಲರನ್ನೂ ನೋಡುತ್ತಾರೆ. "ಅಂದ್ರೆ ನೀರು ಇಳಿದಿದ್ದಲ್ವಾ?"

"ಅಲ್ಲಮ್ಮ," ಎನ್ನುತ್ತಾರೆ ಅಕ್ಕ. "ತಂತಿಯಲ್ಲಿ ಏನೂ ತಪ್ಪಿರ್ಲಿಲ್ಲ."

"ಹಾಗಾದ್ರೆ ಆ ಹುಡುಗಿ?"

"ಯಾವ ಹುಡುಗಿ?"

ಆ ಹೆಂಗಸು ಹೆಡ್‌ಫೋನನ್ನು ಕೊರಳಿಂದ ತೆಗೆದು ಮೇಜಿನ ಮೇಲಿಡುತ್ತಾರೆ. ಹೋದ ಮಳೆಗಾಲದಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕರೆ ತೆಗೆದುಕೊಳ್ಳುತ್ತಿದ್ದಳು. ಎದೆನೋವಿನ ಕರೆ. ಪರದೆ ಬೆಳ್ಳಗಾಯಿತು. ಹುಡುಗಿ ಎದ್ದು ನಿಂತು "ಏನೂ ಕಾಣ್ತಿಲ್ಲ, ಏನೂ ಕಾಣ್ತಿಲ್ಲ" ಎಂದು ಕೂಗಿಕೊಂಡಳು. ವಾಹನ ಹೋಗುವುದು ತಡವಾಯಿತು. ಪುಣ್ಯಕ್ಕೆ ಜೀವ ಉಳಿಯಿತು, ಆದರೆ ದೂರು ಬಂತು. ವಿಚಾರಣೆ ನಡೆಸಿದವರು ಬರೆದರು: 'ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದಳು.' ಹುಡುಗಿಯನ್ನು ಮನೆಗೆ ಕಳಿಸಿದರು.

"ನಾನು ಯಾವ ಗುಂಡೀನೂ ಒತ್ತಿಲ್ಲ ಮೇಡಂ ಅಂತ ನನ್ನ ಕೈ ಹಿಡ್ಕೊಂಡು ಅತ್ತಳು," ಮೇಲ್ವಿಚಾರಕಿ ಹೇಳುತ್ತಾರೆ. "ಹೋಗ್ಲಿ ಬಿಡು, ಎಲ್ಲರಿಗೂ ಆಗುತ್ತೆ ಅಂದೆ ನಾನು. ಎಲ್ಲರಿಗೂ ಆಗುತ್ತೆ ಅಂದೆ." ಅದೇ ಮಾತನ್ನು ಮತ್ತೊಮ್ಮೆ ಹೇಳಲು ಹೋಗಿ ನಿಲ್ಲಿಸುತ್ತಾರೆ.

ಸಾಹೇಬರು ಪರದೆಯ ಹತ್ತಿರಕ್ಕೆ ಬಾಗುತ್ತಾರೆ. "ನಮ್ಮ ಪತ್ರ... ಅದನ್ನ ಬಂದಿಲ್ಲ ಅಂದ್ಕೊಳ್ಳಿ."

"ಎರಡು ಪದ ಇರುತ್ತೆ," ಎನ್ನುತ್ತಾರೆ ಮೇಷ್ಟ್ರು. "ಬಿಟ್ಟು ಹೋಗೋರು ಹೋಗ್ಲಿ. ಅಕ್ಕ, ಉಳಿದೋರಿಗೆ ಅರ್ಥ ಆಗೋ ಹಾಗೆ ಒಂದು ಪುಟ ಬರೀರಿ. ಆ ಗೆರೆ ಯಾಕೆ ಬಂತು, ಏನು ಮಾಡ್ಬೇಕು ಅಂತ."

ಮುಖಗಳು ಒಂದೊಂದಾಗಿ ಮಾಯವಾಗುತ್ತವೆ. ಅಕ್ಕ ಎದ್ದು ಬಾಗಿಲು ತೆರೆಯಲು ಹೋಗಿ ಮತ್ತೆ ಕೂರುತ್ತಾರೆ. "ಗೆದ್ದೆ ಅಂತ ಅನ್ಸ್ಲೇ ಇಲ್ಲ. ನಾನು ಆ ಸಾಲಿನ ಮೇಲೆ ಕಣ್ಣು ಜಾರಿಸಿಕೊಂಡು ಹೋದಾಗೆಲ್ಲಾ ಎಲ್ಲೋ ಮಳೆ ಬರ್ತಿತ್ತಲ್ಲ," ಎನ್ನುವಾಗ ಈಗಲೂ ಅವರ ಎಡಗೈ ಬಲ ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚುತ್ತದೆ, ಕಟ್ಟುತ್ತದೆ.

ಅಂದು ಸಂಜೆ ತಮ್ಮ ಹೇಳದೆ ಕೇಳದೆ ಮನೆಗೆ ಬಂದ. ಚಪ್ಪಲಿ ಬಿಟ್ಟವನೇ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತ. ಬಡಿಸಿದ್ದನ್ನು ಮುಟ್ಟಲಿಲ್ಲ.

"ನಾನು ಬರೆದ ಸಾಲು ಅಕ್ಕ ಅದು."

"ನೀನು ನಂಬಿದ್ದು ನಮ್ಮ ಸಾಲನ್ನ ಕಣೋ. ಕೊಡುತ್ತೆ ಅಂತ ನಾವು ಬರೆದಿದ್ವಿ, ನೀನು ತಗೊಂಡೆ."

"ನೀನು ಕೇಳಿದೆಯಲ್ಲ, ಇಲ್ಲಾಂದ್ರೆ ಅಂತ. ಅವತ್ತು ಫೋನಲ್ಲೇ ಕೇಳ್ದೆ. ನಾನು ತಳ್ಳಿಹಾಕ್ದೆ."

ಅಕ್ಕ ಅವನ ಪಕ್ಕ ತಾವೂ ನೆಲಕ್ಕೆ ಕೂತರು. ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಅತ್ತೆ ಇಬ್ಬರನ್ನೂ ನೋಡಿದರು. "ಅಕ್ಕ ತಮ್ಮ ಇಬ್ಬರೂ ಅತ್ತು ಮುಗಿಸಿ ಪಾತ್ರೆ ತೊಳೀರಿ. ಊಟ ಬಿಡೋ ಹಾಗಿಲ್ಲ. ನಾನು ಸೊಂಟ ಮುರ್ಕೊಂಡಾಗ ಬಂದ ಆಂಬುಲೆನ್ಸಿನೋರಿಗೆ ಕೈ ಮುಗಿದಿದ್ದೆ. ಅವರಿಗೂ ಇಂಥ ಪರದೆನೇ ಇತ್ತೋ ಏನೋ." ಹೇಳಿದ ಮೇಲೆ ಅತ್ತೆಗೂ ಆ ಮಾತಿನ ಭಾರ ತಟ್ಟಿತು. ಮೊರದಂತೆ ಅಗಲವಾದ ಅಂಗೈಯನ್ನು ಹುಡುಗನ ತಲೆಯ ಮೇಲಿಟ್ಟು, ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದರು.

ಹೊಸ ಕಂಪೈಲರ್ ಬಿಡುಗಡೆಯಾಗಿ ಈಗ ಕೆಲವು ವಾರ ಕಳೆದಿವೆ. ಬೈಗುಳದ ಪತ್ರಗಳು ಬರುತ್ತಲೇ ಇವೆ. ಕೆಲವರು ಭಾಷೆಯನ್ನು ಬಿಟ್ಟು ಹೋದದ್ದೂ ನಿಜ. ನಡುನಡುವೆ ಬೇರೆ ಬಗೆಯ ಪತ್ರಗಳೂ ಬರುತ್ತವೆ, ಬೈಯಲು ಶುರುಮಾಡಿ ಅರ್ಧದಲ್ಲಿ ನಿಂತಂಥವು. ತಾವು ನಡೆಸುವ ಗ್ರಂಥಾಲಯದ ಪ್ರೋಗ್ರಾಂ ಯಾಕೆ ಆಗಾಗ ನಿಂತುಹೋಗುತ್ತಿತ್ತು ಎಂದು ಒಬ್ಬರಿಗೆ ಈಗ ತಿಳಿದಿದೆ. ಇನ್ನೊಬ್ಬರು ಬರೀ "ಅಯ್ಯೋ ದೇವರೇ" ಎಂದು ಬರೆದು ಕಳಿಸಿದ್ದಾರೆ. ಅಕ್ಕ ಘೋಷಣೆಗಳ ಕಡತವನ್ನು ಮೊದಲ ಸಾಲಿನಿಂದ ಮತ್ತೆ ಓದುತ್ತಿದ್ದಾರೆ, ಈ ಸಲ ಬಾಯಿಬಿಟ್ಟು, ಜೋರಾಗಿ. ಕಣ್ಣು ಜಾರಿದರೂ ಕಿವಿ ಹಿಡಿದೀತು ಎಂಬ ಆಸೆ. ಅದನ್ನು ಕೇಳಿ ಕೇಳಿ ಅತ್ತೆಗೆ ಎಷ್ಟೋ ಸಾಲು ಬಾಯಿಪಾಠವಾಗಿದೆ.

ಮೊನ್ನೆ ಮೇಲ್ವಿಚಾರಕಿ ಫೋನು ಮಾಡಿದ್ದರು. ಜೋರು ಮಳೆ ಬಂದ ಸಂಜೆಯ ಮಾರನೆಯ ದಿನ. "ಮೇಡಂ, ಪ್ರೋಗ್ರಾಂ ತಿದ್ದಿ ಕೊಟ್ರಲ್ಲ, ನಿನ್ನೆ ಪರದೆ ಬೆಳ್ಳಗಾಗ್ಲಿಲ್ಲ. 'ಖಾಲಿ ವಾಹನ ಇಲ್ಲ' ಅಂತ ಬರೀತು. ಇಲ್ಲ ಅನ್ನೋದನ್ನ ಓದಿ ಇಷ್ಟು ಸಮಾಧಾನ ಆಗಿದ್ದು ಜೀವಮಾನದಲ್ಲೇ ಮೊದಲು. ತಕ್ಷಣ ಪಕ್ಕದೂರಿನ ಕೇಂದ್ರಕ್ಕೆ ಕರೆ ಮಾಡ್ದೆ, ಅಲ್ಲಿಂದ ಗಾಡಿ ಬಂತು."

ಅಕ್ಕ ಕೇಳಿದ್ದು ಹುಡುಗಿಯ ಬಗ್ಗೆ. ಅವಳೀಗ ಬಟ್ಟೆ ಅಂಗಡಿಯೊಂದರಲ್ಲಿ, ಗಿರಾಕಿಗಳು ಬಿಚ್ಚಿ ನೋಡಿ ಬಿಟ್ಟುಹೋದ ಬಟ್ಟೆಗಳನ್ನು ಮಡಚುವ ಕೆಲಸದಲ್ಲಿದ್ದಾಳೆ. ತಮ್ಮ ಅಲ್ಲಿಗೆ ಹೋಗಿದ್ದ. ಕೌಂಟರಿನ ಈಚೆ ನಿಂತು, ತಪ್ಪು ಯಾರದೆಂದು ಹೇಳಿದ. ಮಡಚುತ್ತಿದ್ದ ಅಂಗಿಯನ್ನು ಎದೆಗೆ ಒತ್ತಿಕೊಂಡು ಅವಳು ಕೇಳಿದ್ದು ಒಂದೇ: "ನಮ್ಮಮ್ಮನಿಗೂ ಒಂದು ಸಲ ಹೇಳ್ತೀರಾ?" ಹೇಳಿ ಬಂದಿದ್ದಾನೆ. ಸಾಹೇಬರೂ ಮೇಲ್ವಿಚಾರಕಿಯೂ ಕೇಂದ್ರದ ದೊಡ್ಡವರಿಗೆ ಬರೆದಿದ್ದಾರೆ. ಅಕ್ಕನೂ ಬರೆದಿದ್ದಾರೆ. ಅಲ್ಲಿಂದ ಬಂದ ಉತ್ತರ ಚಿಕ್ಕದು: ವಿಚಾರಣೆ ಮುಗಿದ ವಿಷಯ, ಮತ್ತೆ ತೆರೆಯಲು ಬರುವುದಿಲ್ಲ.

ನಿಮ್ಮ ಹೆಸರು ನಾಲ್ಕು ಜನಕ್ಕೆ ತಿಳಿಯಬೇಕು ಎಂದು ಅನಿಸುವುದಿಲ್ಲವೇ ಎಂದರೆ ಅಕ್ಕ ಕೈ ಆಡಿಸಿಬಿಡುತ್ತಾರೆ.

"ನನ್ನ ಹೆಸರು ತಗೊಂಡು ಯಾರಿಗೆ ಏನಾಗ್ಬೇಕು? 'ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದಳು' ಅಂತ ಆ ಹುಡುಗಿ ಮೇಲೆ ಒಂದು ಸಾಲು ಬರೆದಿಟ್ಟಿದಾರಲ್ಲ, ಅದನ್ನೂ ಎಲ್ಲರೂ ಕಣ್ಣು ಮುಚ್ಚಿ ನಂಬ್ತಿದಾರೆ. ಆ ಕಡತ ತಿದ್ದೋ ಅಧಿಕಾರ ನನಗಿಲ್ಲ. ಇರೋರು ತಿದ್ದಲಿ. ಅಷ್ಟೇ."